ಹೂ ಬೀಳುವ ತನಕ ಹದಿನೆಂಟು ಡಿಗ್ರಿ

ಒಂದಾನೊಂದು ಕಾಲದಲ್ಲಿ, ಅಂದರೆ ಮೊನ್ನೆ ಮೊನ್ನೆ, ಮೇ ತಿಂಗಳ ಕತ್ತರಿ ಬಿಸಿಲು ಚೆನ್ನೈಯನ್ನು ಹುರಿಗಡಲೆಯಂತೆ ಹುರಿಯುತ್ತಿದ್ದಾಗ, ಕ್ರೋಂಪೇಟೆಯ ಒಂದು ಮೂರನೇ ಮಹಡಿಯಲ್ಲಿ ಒಬ್ಬ ರಾಜನೂ ಒಬ್ಬ ರಾಣಿಯೂ ಇದ್ದರು. ರಾಜ ಮುರುಗೆಪ್ಪ, ವಿಮೆ ಕಂಪನಿಯಿಂದ ನಿವೃತ್ತ. ರಾಣಿ ಸುವರ್ಣಮ್ಮ, ಯಾವುದರಿಂದಲೂ ನಿವೃತ್ತಳಲ್ಲ. ರಾಜನಿಗೆ ಹಾಲ್ ಹದಿನೆಂಟು ಡಿಗ್ರಿಯಲ್ಲಿರಬೇಕು, ರಾಣಿಗೆ ಇಪ್ಪತ್ತೆಂಟರಲ್ಲಿ. ನಡುವಿನ ಹತ್ತು ಡಿಗ್ರಿಗಾಗಿ ಐವತ್ತು ವರ್ಷದ ಸಂಸಾರ ಯುದ್ಧಕ್ಕೆ ನಿಂತಿತ್ತು. ಎಸಿಯ ರಿಮೋಟು ಒಂದು ದಿನ ಅಕ್ಕಿ ಡಬ್ಬಿಯಲ್ಲಿ ಸಿಕ್ಕರೆ ಮರುದಿನ ರಾಜನ ಬನಿಯನ್ನಿನೊಳಗೆ ಸಿಗುತ್ತಿತ್ತು.

ಕೊನೆಗೆ ರಾಣಿ ಟ್ರಂಕು ಇಳಿಸಿದಳು. "ನಾ ಹುಬ್ಬಳ್ಳಿಗೆ, ತಂಗಿ ಮನಿಗೆ ಹೊಂಟೆ. ಇಲ್ಲೇ ಇದ್ರ ಐಸ್‌ಕಾಂಡಿ ಆಗ್ತೀನಿ," ಎಂದಳು. ಭಾನುವಾರ ಮಧ್ಯಾಹ್ನದ ರೈಲಿಗೆ ಟಿಕೆಟ್ ಆಯಿತು. ವಾಪಸು ಬರುವ ಟಿಕೆಟ್ ಮಾತ್ರ ತೆಗೆಸಲಿಲ್ಲ.

ಅದೇ ಮನೆಯಲ್ಲಿದ್ದ ಅವರ ಮೊಮ್ಮಗಳು ಜ್ಯೋತಿ ನಡುವೆ ಬಂದಳು. ಪೆರುಂಗುಡಿಯ ಆಫೀಸಿಗೆ ಹೋಗಿ ಬರುವ ಆ ಹುಡುಗಿ ಇಂದಿಗೂ ಆಯಿ ಸುವರ್ಣಮ್ಮ ಹೇಳುವ ಕತೆ ಕೇಳದೆ ಮಲಗಿದವಳಲ್ಲ. ಭಾನುವಾರದೊಳಗೆ ಇಬ್ಬರಿಗೂ ಒಪ್ಪುವ ಥರ್ಮೋಸ್ಟಾಟ್ ಆರಿಸಿ ಗೋಡೆಗೆ ಅಂಟಿಸುತ್ತೇನೆ, ಆಗಲಿಲ್ಲವೆಂದರೆ ನಾನೇ ಟ್ರಂಕು ಹೊತ್ತು ಸ್ಟೇಷನ್ನಿಗೆ ಬರುತ್ತೇನೆ ಎಂದು ಮಾತು ಕೊಟ್ಟಳು. ಅಂಬತ್ತೂರಿನ ಅಂಗಡಿಯವನು, ನೋಡಿ ಬೇಡದ್ದನ್ನು ವಾಪಸು ತನ್ನಿ ಎಂದು ಮೂರು ಡಬ್ಬಿ ಕೊಟ್ಟ. ಮೂರೂ ಅಂಗೈಯಗಲದ ಜಾಣ ಯಂತ್ರಗಳು. ಮನೆಯವರನ್ನು ನೋಡಿಕೊಂಡು ಎಸಿಗೆ ತಾವೇ ಅಪ್ಪಣೆ ಕೊಡುವಂಥವು.

ಆದರೆ ಆ ಮನೆಯಲ್ಲಿ ವೀರಭದ್ರನನ್ನು ಕೇಳದೆ ಏನೂ ಒಳಗೆ ಬರುವಂತಿಲ್ಲ. ಹಿತ್ತಾಳೆಯ ವೀರಭದ್ರನ ಎರಡೂ ಭುಜಕ್ಕೆ ಒದ್ದೆ ಮಾಡಿದ ಹೂವಿನ ಎಸಳು ಹಚ್ಚಿ, ಬೇಕಾದರೆ ಬಲಕ್ಕೆ ಕೊಡು, ಬೇಡವಾದರೆ ಎಡಕ್ಕೆ ಕೊಡು ಎಂದು ಕೇಳುವುದು ರೂಢಿ. ಈ ಫ್ಲಾಟು, ಫ್ರಿಜ್ಜಿನ ಬಣ್ಣ, ಮುರುಗೆಪ್ಪನ ಹರ್ನಿಯಾ ಕೊಯ್ದ ಡಾಕ್ಟರು ಎಲ್ಲರೂ ಬಲಗಡೆ ಹೂ ಬಿದ್ದು ಬಂದವರೇ. ಒಮ್ಮೆ ಕೇಳಿ ಕೂತ ಮೇಲೆ ಹೂ ಬೀಳುವ ತನಕ ಯಾರೂ ಏಳುವಂತಿಲ್ಲ. ದೇವರ ಜಗಲಿಯೋ ಹಾಲ್‌ನಲ್ಲೇ ಇತ್ತು, ಎಸಿಯ ನೇರ ಕೆಳಗೆ.

ಶುಕ್ರವಾರ ಬಿಳಿ ಡಬ್ಬಿಯ ಸರದಿ. ಸುವರ್ಣಮ್ಮ ಪ್ರಶ್ನೆ ಮುಗಿಸುವ ಮೊದಲೇ ಎಸಿಯ ಗಾಳಿ ಭರ್ರೆಂದು ಬೀಸಿ, ಹೂ ಎಡಕ್ಕೆ ಹಾರಿತು. ಶನಿವಾರದ ಕಪ್ಪು ಡಬ್ಬಿ ಜ್ಯೋತಿಯ ಫೋನನ್ನೇ ಮನೆಯ ಯಜಮಾನ ಅಂದುಕೊಂಡಿತ್ತು. ಅವಳು ತರಕಾರಿಗೆಂದು ಕೆಳಗಿಳಿದದ್ದೇ ತಡ, ಮನೆ ಖಾಲಿಯಾಯಿತೆಂದು ಎಸಿ ಆರಿಸಿಬಿಟ್ಟಿತು. ಹಾಲ್‌ನ ನಡುವೆ ಕೂತಿದ್ದ ಮುರುಗೆಪ್ಪನಿಗೆ ಇದು ತನ್ನ ಜೀವಮಾನದ ಅವಮಾನವೆನಿಸಿ, ದೇವರನ್ನು ಕೇಳುವ ಮೊದಲೇ ಅದನ್ನು ಪೆಟ್ಟಿಗೆಗೆ ಸೇರಿಸಿದ.

ಉಳಿದದ್ದು ಮೂರನೆಯದು. ಅದಕ್ಕೊಂದು ಕಣ್ಣಿತ್ತು. ಯಾರಾದರೂ ಅಲುಗಾಡಿದರೆ ತಂಪು ಬಿಡುತ್ತಿತ್ತು. ಹತ್ತು ನಿಮಿಷ ಯಾರೂ ಅಲುಗದಿದ್ದರೆ "ವೀಟ್ಟಿಲ್ ಯಾರುಂ ಇಲ್ಲೈ" ಎಂದು, ಮನೆಯಲ್ಲಿ ಯಾರೂ ಇಲ್ಲವೆಂದು ತಮಿಳಿನಲ್ಲಿ ಸಾರಿ, ಎಸಿ ಆರಿಸಿ ತಾನೂ ಮಲಗುತ್ತಿತ್ತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅದನ್ನು ಜಗಲಿಯ ಮೇಲಿಟ್ಟು, ಗಾಳಿ ಈ ಸಲ ದೇವರಿಗೆ ನೇರ ತಾಗದಂತೆ ಎಸಿಯ ರೆಕ್ಕೆ ಮೇಲೆತ್ತಿ, ಹೂ ಹಚ್ಚಿದರು. ಮೂವರೂ ಚಾಪೆಯ ಮೇಲೆ ಕೂತರು, ಸುವರ್ಣಮ್ಮ ಮಂಕಿ ಕ್ಯಾಪಿನಲ್ಲಿ, ಮುರುಗೆಪ್ಪ ಬನಿಯನ್ನಿನಲ್ಲಿ. ಹನ್ನೊಂದಾಯಿತು. ಎಸಿ ಕೊರೆಯುತ್ತಲೇ ಇತ್ತು. ಚಳಿಗೆ ಹೂ ಒಣಗಲೇ ಇಲ್ಲ, ವೀರಭದ್ರನ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಹನ್ನೆರಡಕ್ಕೆ ಸುವರ್ಣಮ್ಮನನ್ನು ಸ್ಟೇಷನ್ನಿಗೆ ಬಿಡಲು ಆಟೋದ ತಿರುಮಲೇಶ ಮೇಲೆ ಬಂದ. ಸುವರ್ಣಮ್ಮ ಕಣ್ಣಿನಲ್ಲೇ ಸನ್ನೆ ಮಾಡಿದಳು. ಅವನು ಚಪ್ಪಲಿ ಬಿಟ್ಟು ತಾನೂ ಕೂತ. ಕೂತ ಮೇಲೆ ಅವನೂ ಏಳುವಂತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಹಲ್ಲು ಕಟಕಟ ಎನ್ನತೊಡಗಿತು. ಟ್ರಂಕಿನ ಮೇಲೆ ಹೊದಿಸಿದ್ದ ಕೌದಿಯನ್ನು ಆಸೆಯಿಂದ ನೋಡಿದ.

ಜ್ಯೋತಿ ಗಡಿಯಾರ ನೋಡಿದಳು. ಹೂ ಬೀಳದಿದ್ದರೆ ಅವಳ ಮಾತು ಉಳಿಯದು. ಎಡಕ್ಕೆ ಬಿದ್ದರೆ ಟ್ರಂಕು ಹೊರಬೇಕು. ಆದರೂ ಒಂದು ವಿಷಯ ಅವಳಿಗೆ ಅರ್ಥವಾಗಲಿಲ್ಲ. ನಾಲ್ವರೂ ಕಲ್ಲಿನಂತೆ ಕೂತಿದ್ದಾರೆ, ಹತ್ತು ನಿಮಿಷ ಎಷ್ಟು ಸಲ ಕಳೆದಿದೆಯೋ, ಡಬ್ಬಿಗೆ ಮಾತ್ರ ಮನೆ ಖಾಲಿ ಎನಿಸಿಲ್ಲ. ಕತೆಯ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯಲ್ಲಿರುವಂತೆ ಈ ಚಳಿಯ ಜೀವ ಎಲ್ಲೋ ಅಡಗಿರಲೇಬೇಕು. ಹುಡುಕುತ್ತ ಅವಳ ಕಣ್ಣು ಅಜ್ಜನ ಪಾದಕ್ಕೆ ಬಂದು ನಿಂತಿತು.

ಮುರುಗೆಪ್ಪನ ಎಡಗಾಲಿನ ಹೆಬ್ಬೆರಳು ಅಲುಗುತ್ತಿತ್ತು. ಒಂದೇ ಸಮನೆ, ಮೇಲೆ ಕೆಳಗೆ. ಅವನ ಮುಖ ಮಾತ್ರ ದೇವರ ಮುಂದೆ ಕೂತವರ ಮುಖ. ಬೆರಳು ಆಡಿದಷ್ಟು ಹೊತ್ತು ತಂಪು. ತಂಪಿರುವಷ್ಟು ಹೊತ್ತು ಹೂ ಬೀಳದು, ಹೂ ಬೀಳದೆ ಸುವರ್ಣಮ್ಮ ಏಳಳು. ರೈಲು ಮಾತ್ರ ಯಾರಿಗೂ ಕಾಯದು.

ಜ್ಯೋತಿ ಬಾಯಿ ತೆರೆಯುವ ಮೊದಲೇ ಸುವರ್ಣಮ್ಮ, ದೇವರ ಮೇಲಿಂದ ಕಣ್ಣು ತೆಗೆಯದೆ, ಮಾತಾಡಿದಳು.

"ಆ ಬೆರಳ ನಿಲ್ಲಸ್ರಿ."

"ಯಾವ ಬೆರಳ?" ಎಂದ ಮುರುಗೆಪ್ಪ. ಬೆರಳು ಇನ್ನೂ ಜೋರಾಯಿತು.

"ಹನ್ನೊಂದು ಗಂಟೆಯಿಂದ ನೋಡಾಕತ್ತೀನಿ. ನಿಲ್ಲಸ್ರಿ. ನಾ ಎಲ್ಲೂ ಹೋಗಂಗಿಲ್ಲ."

"ಖರೇನ?"

"ವೀರಭದ್ರನ ಮುಂದ ಕೂತು ಸುಳ್ಳ ಹೇಳ್ತೀನೇನು? ಆದ್ರ ಒಂದು ಮಾತು. ದಿನಾ ಸಂಜಿಮುಂದ ನನ್ನ ಬಾಜೂ ಚುಮ್ಮಾ ಸುಮ್ಮನ ಕೂಡಬೇಕು. ಅಲುಗಬಾರದು."

"ಎಷ್ಟೊತ್ತು?"

"ಒಂದು ಕತಿ ಮುಗಿಯೂಮಟ."

ಅವಳ ಕತೆಗಳ ಉದ್ದ ಮುರುಗೆಪ್ಪನಿಗೆ ಗೊತ್ತಿತ್ತು. ಕೊನೆಗೆ ಬೆರಳು ನಿಂತಿತು.

ಈಗ ನಾಲ್ವರೂ ನಿಜಕ್ಕೂ ಕಲ್ಲಾದರು. ತಿರುಮಲೇಶ ಉಸಿರನ್ನೂ ಸಣ್ಣಗೆ ಬಿಟ್ಟ. ಹತ್ತು ನಿಮಿಷಕ್ಕೆ ಸರಿಯಾಗಿ ಡಬ್ಬಿ ನಾಲ್ವರನ್ನೂ ನೋಡಿ, "ವೀಟ್ಟಿಲ್ ಯಾರುಂ ಇಲ್ಲೈ" ಎಂದಿತು. ಎಸಿ ನಿಟ್ಟುಸಿರಿಟ್ಟು ಆರಿತು. ಕಿಟಕಿಯ ಸಂದಿನಿಂದ ಕ್ರೋಂಪೇಟೆಯ ಮಧ್ಯಾಹ್ನ ಮೆಲ್ಲಗೆ ಒಳಗೆ ಬಂತು. ಸುವರ್ಣಮ್ಮ ಮಂಕಿ ಕ್ಯಾಪ್ ತೆಗೆಯಲಿಲ್ಲ, ಅಲುಗಬಾರದಲ್ಲ. ಮುರುಗೆಪ್ಪನ ಹಣೆಯಿಂದ ಬೆವರು ಇಳಿದು ಮೂಗಿನ ತುದಿಯಲ್ಲಿ ನಿಂತಿತು. ಅವನು ಒರೆಸಿಕೊಳ್ಳಲಿಲ್ಲ.

ರೈಲು ಸೆಂಟ್ರಲ್ ಬಿಡುವ ಹೊತ್ತಿಗೆ ವೀರಭದ್ರನ ಬಲ ಭುಜದ ಎಸಳು ಅಂಚಿನಲ್ಲಿ ಮುರುಟಿತು, ತೂಗಾಡಿತು, ತಟ್ಟೆಗೆ ಬಿತ್ತು.

ಜ್ಯೋತಿ ಎದ್ದಳು. ಜೋಮು ಹಿಡಿದ ಕಾಲಿನಲ್ಲೇ ಕುಂಟುತ್ತ ಹೋಗಿ, ಡಬ್ಬಿಯ ಬೆನ್ನಿನ ಅಂಟುಪಟ್ಟಿ ಸುಲಿದು, ಅದನ್ನು ಗೋಡೆಗೆ ಒತ್ತಿ ಹಿಡಿದಳು.