ಜಪ್ತಿಯಾದ ಕತ್ತೆಯ ಸಿಟ್ಟು

ನಾನು ಒಂದು ಹೆಣ್ಣು ಕತ್ತೆ. ಹೊಳೆದಂಡೆಯಲ್ಲಿ, ಮಡಿವಾಳರು ಬಟ್ಟೆ ಒಗೆಯುವ ಬಂಡೆಯ ಪಕ್ಕ ಹುಟ್ಟಿದೆ. ಹುಲಿಗೆವ್ವನ ಮದುವೆಯಲ್ಲಿ ಅವಳಪ್ಪ ನನ್ನನ್ನು ಬಳುವಳಿಯಾಗಿ ಕೊಟ್ಟ. ಅವಳ ಜೊತೆ ನಾನೂ ಹಿರೇಗಲ್ಲು ಸಂಸ್ಥಾನಕ್ಕೆ ನಡೆದು ಬಂದೆ. ಬೈಯುವಾಗ ನಿಮಗೆಲ್ಲ ನನ್ನ ಹೆಸರೇ ಬೇಕು. ಈ ಕಥೆ ಕೇಳಿ, ಆಮೇಲೆ ಯಾರನ್ನು ಬೈಯಬೇಕೋ ನೀವೇ ಹೇಳಿ.

ಅರಸರು ನೆರೆಯ ಸಂಸ್ಥಾನದವರ ಮೇಲೆ ಕಾಲು ಕೆರೆದು ಜಗಳ ತೆಗೆದರು. ಮನೆಗೊಬ್ಬ ಗಂಡಸು ದಂಡಿಗೆ ಬರಬೇಕೆಂದು ಡಂಗುರ ಸಾರಿಸಿದರು. ದಂಡಿನ ಬಟ್ಟೆ ಒಗೆಯುತ್ತಿದ್ದವನು ಹುಲಿಗೆವ್ವನ ಗಂಡ ಮಾರೆಪ್ಪ. ತೂತು ಬಿದ್ದ ಅಂಗಿಯೊಂದನ್ನು ಎತ್ತಿ ಹಿಡಿದು, "ಇದರಾಗ ಇದ್ದಾಂವ ಎಲ್ಲಿ ಹ್ವಾದ?" ಎಂದ. ಮರುದಿನವೇ ಗಡಿ ದಾಟಿ ಸೊಲ್ಲಾಪುರದ ಗಿರಣಿ ಸೇರಿದ.

ಪರರಾಜ್ಯದಲ್ಲಿ ಅಡಗಿದವರ ಆಸ್ತಿಯೆಲ್ಲ ಜಪ್ತಿ ಎಂದು ಹುಕುಂ ಬಂತು. ಮಾರೆಪ್ಪನ ಆಸ್ತಿ ಎಂದರೆ ಒಂದು ಗುಡಿಸಲು, ಎರಡು ಹಂಡೆ. ಜಪ್ತಿಗೆ ಬಂದ ಅರಸರ ಕಾರಭಾರಿಗೆ ಅದು ಸಾಲಲಿಲ್ಲ, ನನ್ನ ಹಗ್ಗಕ್ಕೆ ಕೈಹಾಕಿದ.

"ಇದು ನಮ್ಮಪ್ಪ ಕೊಟ್ಟದ್ರೀ, ಅವಂದಲ್ಲ," ಎಂದಳು ಹುಲಿಗೆವ್ವ.

"ನೀನ ಅವನ ಸ್ವತ್ತು. ನಿನ್ನ ಕತ್ತೆ ಮತ್ತ್ಯಾರ್ದು?"

ನಾನು ಒದ್ದೆ. ಕಾರಭಾರಿಯ ಮೊಣಕಾಲಿಗೇ ಬಿತ್ತು. ಇವತ್ತಿಗೂ ನನಗೆ ಅದರ ಬಗ್ಗೆ ಪಶ್ಚಾತ್ತಾಪವಿಲ್ಲ.

ದಂಡು ಬೇಡವೆಂದು ಓಡಿದವನು ಮಾರೆಪ್ಪ, ದಂಡಿನಲ್ಲಿ ಮದ್ದುಗುಂಡಿನ ಪೆಟ್ಟಿಗೆ ಹೊತ್ತವಳು ನಾನು! ಸಿಪಾಯಿಗಳ ಬಟ್ಟೆಯ ಗಂಟನ್ನು ಬಸುರಿ ಹುಲಿಗೆವ್ವ ತಲೆಯ ಮೇಲೆ ಹೊತ್ತು ದಂಡಿನ ಠಾಣ್ಯಕ್ಕೆ ತರುತ್ತಿದ್ದಳು. ನಾನು ಗೂಟದಲ್ಲಿ ನಿಂತು ನೋಡುತ್ತಿದ್ದೆ. ಹಗ್ಗ ಜಗ್ಗುತ್ತಿದ್ದೆ.

ಆಮೇಲೆ ಇನ್ನೊಂದು ಹುಕುಂ: ತಿರುಗಿ ಬಂದವರಿಗೆ ಶಿಕ್ಷೆ ಇಲ್ಲ, ಆಸ್ತಿ ವಾಪಸ್ಸು. ಹೆಂಡತಿ ಗಂಟು ಹೊರುವ ಸುದ್ದಿ ಕೇಳಿದ್ದ ಮಾರೆಪ್ಪ ಆ ಹುಕುಂ ನಂಬಿ ಬಂದ. ಕಾರಭಾರಿ ಮಾತಿಗೆ ತಪ್ಪಲಿಲ್ಲ. ನನ್ನ ಹಗ್ಗವನ್ನು ಹುಲಿಗೆವ್ವನ ಕೈಗೆ ಕೊಟ್ಟ, ಬಂದೂಕನ್ನು ಮಾರೆಪ್ಪನ ಕೈಗೆ ಕೊಟ್ಟ.

"ಶಿಕ್ಷಾ ಇಲ್ಲ ಅಂದಿದ್ರಲ್ರೀ!" ಎಂದು ಅವಳು ಚೀರಿದಳು.

"ಇದು ಶಿಕ್ಷಾ ಅಲ್ಲವ್ವಾ, ಚಾಕರಿ."

ಮಾರೆಪ್ಪ ಆ ಚಾಕರಿಯಿಂದ ತಿರುಗಿ ಬರಲಿಲ್ಲ. ಅರಸರು ಹೋದರು, ಸಂಸ್ಥಾನವೂ ಹೋಯಿತು. ನನ್ನ ಹಲ್ಲು ಸವೆದಿವೆ, ಸಿಟ್ಟು ಸವೆದಿಲ್ಲ. ಗಂಡನನ್ನು ಕೊಟ್ಟು ಕತ್ತೆ ತಂದವಳು ಎಂದು ಓಣಿಯವರು ಆಡಿಕೊಂಡರೂ ಹುಲಿಗೆವ್ವ ನನಗೆ ಒಂದು ಏಟು ಹೊಡೆದವಳಲ್ಲ. ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಗಳು ಅಪ್ಪ ಎಲ್ಲಿ ಎಂದು ಕೇಳಿದಾಗಲೆಲ್ಲ ಅವಳು ನನ್ನ ಕಡೆ ನೋಡುತ್ತಾಳೆ.