ಕಿಟಕಿ ಕಟ್ಟೆಯ ಕೆಳಗೆ

ಮೇಸ್ತ್ರಿಯ ಮಗಳು ಫರ್ನಿಚರ್ ಅಂಗಡಿಯಲ್ಲಿ ಪಾಲಿಶ್ ಕೆಲಸದವಳು. ದಿನವಿಡೀ ಕಂಡವರ ಮೇಜು ಮಂಚಗಳಿಗೆ ಹೊಳಪು ಕೊಟ್ಟು ಮನೆಗೆ ಬಂದರೆ ನಡುಮನೆಯ ಕಿಟಕಿ ಕಟ್ಟೆ ಅವಳ ಕಣ್ಣು ಚುಚ್ಚುತ್ತಿತ್ತು. ಸಿಮೆಂಟು ಬಿರುಕು ಬಿಟ್ಟು, ಅಂಚು ಉದುರಿ, ಒರೆಸಿದಷ್ಟೂ ಬಟ್ಟೆಗೆ ಪುಡಿ ಮೆತ್ತುತ್ತಿತ್ತು. ಅದನ್ನು ಕಿತ್ತು ಒಳ್ಳೆ ಮರದ ಹಲಗೆ ಕೂರಿಸೋಣ ಅಂತ ವರ್ಷದಿಂದ ಅಪ್ಪನ ಬೆನ್ನು ಬಿದ್ದಿದ್ದಳು. ಅಪ್ಪ ಪ್ರತಿ ಸಲವೂ ಒಂದೊಂದು ನೆಪ ತೆಗೆಯುತ್ತಿದ್ದ. ಮರಕ್ಕೆ ಹುಳ ಹಿಡಿಯುತ್ತದೆ ಅನ್ನುತ್ತಿದ್ದ, ಧೂಳಿಗೆ ನಿಮ್ಮಮ್ಮನ ಕೆಮ್ಮು ಕೆರಳುತ್ತದೆ ಅನ್ನುತ್ತಿದ್ದ.

ಅಪ್ಪ ಅಂತಿಂಥ ಮೇಸ್ತ್ರಿಯಲ್ಲ. ಸುತ್ತಲ ಬೀದಿಗಳಲ್ಲಿ ಅವನ ಹೆಸರೇ ರಸಮಟ್ಟ. ಗೋಡೆ ಸಮ ಇದೆಯಾ ಅಂತ ನೋಡೋಕೆ ಉಳಿದವರಿಗೆ ಗುಳ್ಳೆ ಓಡಾಡುವ ಆ ಪಟ್ಟಿ ಬೇಕು, ಇವನಿಗೆ ಕಣ್ಣೇ ಸಾಕು ಅನ್ನುತ್ತಿದ್ದರು ಜನ. ಈಗ ಕೆಲಸ ಬಿಟ್ಟು ಐದು ವರ್ಷ.

ಒಂದು ರಜೆಯ ದಿನ ಅವನು ಕ್ಷೌರಕ್ಕೆ ಹೋದದ್ದೇ ತಡ, ಮಗಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು. ಹಲಗೆ ಆಗಲೇ ತಯಾರಿತ್ತು. ಅಂಗಡಿಯಲ್ಲೇ ಅಳತೆಗೆ ಕೊಯ್ದು, ಮೂಲೆ ದುಂಡಗೆ ಉಜ್ಜಿ, ಮೊದಲ ಕೈ ಪಾಲಿಶ್ ಹೊಡೆದು ತಂದು ಮಂಚದಡಿ ಅಡಗಿಸಿಟ್ಟಿದ್ದಳು. ತನ್ನ ನಾಲ್ಕು ವರ್ಷದ ಕೂಸನ್ನು ಪಕ್ಕದ ಮನೆಗೆ ಅಟ್ಟಿ, ಹಳೇ ಹೊದಿಕೆ ಹಾಸಿ, ಕಟ್ಟೆಯ ಅಂಚಿಗೆ ಚಾಣ ಇಟ್ಟು ಸುತ್ತಿಗೆಯಿಂದ ಹೊಡೆದಳು.

ಮೂರನೇ ಪೆಟ್ಟಿಗೆ ಚಾಣ ಹಿಡಿಯವರೆಗೂ ಒಳಗೆ ಹೋಯಿತು. ಗಾರೆ ಸಡಿಲಾಗಿರಬೇಕು ಅಂದುಕೊಂಡು ಬೆರಳು ತೂರಿಸಿ ಎತ್ತಿದರೆ, ಇಡೀ ಕಟ್ಟೆ ಡಬ್ಬಿಯ ಮುಚ್ಚಳದ ಹಾಗೆ ಕೈಗೆ ಬಂತು.

ಕೆಳಗೆ ಇಟ್ಟಿಗೆ ಇರಲಿಲ್ಲ. ಮುದುರಿ ತುರುಕಿದ ಸಿಮೆಂಟಿನ ಕಾಗದದ ಚೀಲಗಳಿದ್ದವು. ಒಂದನ್ನು ಎಳೆದಳು, ಅದರ ಹಿಂದೆ ಮತ್ತೊಂದು. ಕೈ ಎಳೆಯುತ್ತಲೇ ಇತ್ತು, ತಲೆ ಮಾತ್ರ ನಿಂತುಹೋಗಿತ್ತು. ಏಳನೇ ಚೀಲ ಬಂದಾಗ ಎದುರಿಗೊಂದು ಸೀಳು ಕಂಡಿತು. ಸೀಳಿನಾಚೆ, ಮೂರು ಅಂತಸ್ತು ಕೆಳಗೆ, ಬೀದಿಯಲ್ಲಿ ಯಾರೋ ಒರಗಿಸಿಟ್ಟ ಸೈಕಲ್ಲು. ಹೊರಗೋಡೆ ಅಂತ ಇದ್ದದ್ದು ಕಬ್ಬಿಣದ ಜಾಲರಿಗೆ ಮೆತ್ತಿದ ಬೆರಳು ದಪ್ಪದ ಗಾರೆ, ಅಷ್ಟೇ.

ಬಸ್ ಓಡಿಸುವ ಅವಳ ಗಂಡ ದಿನಾ ಬೆಳಿಗ್ಗೆ ಡ್ಯೂಟಿಗೆ ಹೊರಟಾಗ ಕೂಸು ಇದೇ ಕಟ್ಟೆ ಹತ್ತಿ, ಕಿಟಕಿಯ ಸರಳಿಗೆ ಒರಗಿ ನಿಂತು ಕೈಬೀಸುತ್ತಿತ್ತು. ಇವತ್ತೂ ನಿಂತಿತ್ತು. ಅದು ನೆನಪಾದದ್ದೇ ಅವಳು ಅಮ್ಮನನ್ನು ಕೂಗಿದಳು.

ಅಮ್ಮ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಬಂದಳು. ಯಾವನೋ ಆಳು ಅಪ್ಪನಿಗೆ ಮೋಸ ಮಾಡಿದ್ದಾನೆ ಅಂತ ಮಗಳು ತೊದಲಿದಳು. ಅಮ್ಮ ರಾಶಿಯಿಂದ ಒಂದು ಚೀಲ ಎತ್ತಿ ನೋಡಿದಳು.

"ಯಾರೂ ಅಲ್ಲ ಕಣೇ. ಏಳು ವರ್ಷದ ಹಿಂದೆ ಕಿಟಕಿ ದೊಡ್ಡದು ಮಾಡಿದಾಗ ಇದನ್ನು ಕಟ್ಟಿದ್ದು ಅವರೇ. ನಾನು ತವರಲ್ಲಿದ್ದೆ, ಆವತ್ತು ಒಬ್ಬರನ್ನೂ ಹತ್ತಿರ ಸೇರಿಸಲಿಲ್ಲವಂತೆ."

ಅಷ್ಟರಲ್ಲಿ ಅಪ್ಪ ಬಂದ. ಹೊಸದಾಗಿ ಕತ್ತರಿಸಿದ ಕೂದಲು, ಕೊರಳಲ್ಲಿ ಇನ್ನೂ ಪೌಡರು. ಕಿಟಕಿ ನೋಡಿದ, ರಾಶಿ ನೋಡಿದ. ಚಪ್ಪಲಿ ಬಿಡುವುದನ್ನೂ ಮರೆತು ಕುರ್ಚಿಯಲ್ಲಿ ಕೂತುಬಿಟ್ಟ.

"ಇದನ್ನು ಕಟ್ಟುವಾಗ ನನ್ನ ಎಡಗಣ್ಣು ಹೋಗಿ ಆಗಲೇ ಒಂದು ವರ್ಷ ಆಗಿತ್ತು" ಅಂದ.

ಉಳಿದದ್ದನ್ನು ನೆಲ ನೋಡುತ್ತ ಹೇಳಿದ. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯದೆ ಗೋಡೆಯನ್ನು ಅಳತೆಗಿಂತ ಕೆಳಗಿನವರೆಗೂ ಒಡೆದುಬಿಟ್ಟಿದ್ದನಂತೆ. ಮತ್ತೆ ಇಟ್ಟಿಗೆ ಇಟ್ಟು ಅಳತೆವರೆಗೆ ಕಟ್ಟಹೋದರೆ ಸಾಲು ಸೊಟ್ಟಗೆ ಹೋಗುತ್ತಿತ್ತು. ಮೂರು ಸಲ ಕಟ್ಟಿ ಮೂರು ಸಲ ಕೆಡವಿದ. ಹೆಂಡತಿ ತವರಿಂದ ಬರುವ ಹೊತ್ತಾಯಿತು. ತನ್ನ ಸೊಟ್ಟ ಗೋಡೆ ಅವಳ ಕಣ್ಣಿಗೆ ಬೀಳಬಾರದು ಅಂತ ಚೀಲ ತುರುಕಿ ಗಾರೆ ಬಳಿದ. ನಾಳೆ ಸರಿ ಮಾಡಿದರಾಯಿತು ಅಂದುಕೊಂಡ. ಆ ನಾಳೆ ಬರಲೇ ಇಲ್ಲ.

ಅಮ್ಮ ಗೋಡೆಗೆ ಕೈ ಊರಿಕೊಂಡಳು. ಪೇಟೆಗೆ ಹೋದರೆ ಎಂಟು ವರ್ಷದಿಂದ ಗಂಡ ಅವಳನ್ನು ತನ್ನ ಎಡಕ್ಕೇ ನಡೆಸಿಕೊಂಡು ಹೋಗುತ್ತಿದ್ದ. ವಯಸ್ಸಾದ ಮೇಲಾದರೂ ನನ್ನ ಮೇಲೆ ಅಕ್ಕರೆ ಬಂತಲ್ಲ ಅಂತ ಅವಳು ಅಕ್ಕಪಕ್ಕದವರಲ್ಲಿ ಹೇಳಿಕೊಂಡು ನಕ್ಕಿದ್ದಳು.

"ನನ್ನನ್ನು ಊರುಗೋಲು ಮಾಡ್ಕೊಂಡಿದ್ರಾ?" ಅಂದಳು.

ಮಗಳಿಗೆ ಬೇರೊಂದು ಹೊಳೆಯಿತು. ಆಮೇಲೂ ಎರಡು ವರ್ಷ ಅಪ್ಪ ಕೆಲಸಕ್ಕೆ ಹೋಗಿದ್ದ.

"ಅಪ್ಪ, ಬೇರೆಯವರ ಮನೇಲೂ ಹೀಗೆ ಮಾಡಿದ್ದೀಯಾ?"

ತಾನು ಬರೀ ನಿಂತು ಹೇಳುತ್ತಿದ್ದೆ, ಇಟ್ಟಿಗೆ ಮುಟ್ಟುತ್ತಿರಲಿಲ್ಲ ಅಂದ. ಮಗಳು ಅವನ ಮೇಲಿಂದ ಕಣ್ಣು ಕೀಳಲಿಲ್ಲ. ಕೊನೆಗೆ, "ಒಂದು ಮನೆ. ಟೀಚರಮ್ಮಂದು" ಅಂದ.

ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದ ಆಕೆ ಎರಡು ಬೀದಿಯಾಚೆ ಮಹಡಿಯ ಮೇಲೆ ಒಂಟಿಯಾಗಿದ್ದಳು. ಮಗಳು ಕಿಟಕಿಗೆ ಅಡ್ಡಲಾಗಿ ಮಂಚ ಎಳೆದು, ಆ ಕ್ಷಣವೇ ಅಪ್ಪನನ್ನು ಎಬ್ಬಿಸಿಕೊಂಡು ಹೊರಟಳು. ಟೀಚರಮ್ಮ ಬಾಗಿಲು ತೆರೆದಾಗ ಕಂಡದ್ದು ಕಿಟಕಿ ಕಟ್ಟೆಗೆ ಬೆನ್ನು ಆನಿಸಿದ ಕುರ್ಚಿ, ಅದರ ಮೇಲೆ ಮಗುಚಿಟ್ಟ ಪುಸ್ತಕ. ಮಗಳು ಕಟ್ಟೆಯ ಕೆಳಗೆ ಬೆರಳ ಗೆಣ್ಣಿನಿಂದ ಬಡಿದಳು. ಖಾಲಿ ಡಬ್ಬದ ಸದ್ದು.

ಅಪ್ಪ ನಿಂತೇ ಎಲ್ಲವನ್ನೂ ಒಪ್ಪಿಕೊಂಡ. ಟೀಚರಮ್ಮ ಕೂಗಾಡಲಿಲ್ಲ. ಮೊದಲು ಕುರ್ಚಿಯನ್ನು ಕೋಣೆಯ ಆ ತುದಿಗೆ ಎಳೆದು ಹಾಕಿ, ಅದರ ಬೆನ್ನು ಹಿಡಿದು ನಿಂತಳು.

"ಹಬ್ಬಕ್ಕೂ ಹರಿದಿನಕ್ಕೂ ಎದುರು ಸಿಕ್ಕಾಗ ಚೆನ್ನಾಗಿದ್ದೀರಾ ಅಂತ ಕೇಳ್ತಿದ್ದೆಯಲ್ಲಪ್ಪ" ಅಂದಳು.

ಮರುದಿನವೇ ಅಪ್ಪನ ಹಳೇ ಜೊತೆಗಾರ ಮೇಸ್ತ್ರಿ ಬಂದ. ಮೊದಲು ಟೀಚರಮ್ಮನ ಗೋಡೆ, ಆಮೇಲೆ ಇವರದು. ಅಪ್ಪ ಗಾರೆ ಕಲಸಿಕೊಟ್ಟ, ಇಟ್ಟಿಗೆ ನೆನೆಸಿಕೊಟ್ಟ, ಗಾರೆ ಬಳಿಯುವ ಕರಣೆ ಮಾತ್ರ ಮುಟ್ಟಲಿಲ್ಲ. ಅಮ್ಮ ನಾಲ್ಕು ದಿನ ಮಾತಾಡಲಿಲ್ಲ. ಐದನೇ ದಿನ ಅವನ ಕಣ್ಣು ಕಾಣುವ ಬಲಗಡೆ ನಿಂತು, ಹೊರಡಿ ಅಂದು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಹೋದ ಕಣ್ಣು ಹೋಯಿತು, ಇನ್ನೊಂದಕ್ಕೂ ಅದೇ ರೋಗ ಹತ್ತಿದೆ, ದಿನಾ ಔಷಧದ ಹನಿ ಹಾಕಿದರೆ ಉಳಿಸಬಹುದು ಅಂದರು ಡಾಕ್ಟರು.

ಗೋಡೆ ಒಣಗಿದ ಮೇಲೆ ಮಗಳು ಹಲಗೆ ಕೂರಿಸಿದಳು. ಸ್ಕ್ರೂ ಬಿಗಿದು, ತಲೆಗಳನ್ನು ಮರದ ಪುಡಿಯಿಂದ ಮುಚ್ಚಿ, ಉಜ್ಜಿ, ಕೊನೆಯ ಕೈ ಪಾಲಿಶ್ ಹೊಡೆದಳು. ಬಾಗಿಲಲ್ಲಿ ನಿಂತಿದ್ದ ಅಪ್ಪ ಮುಟ್ಟಬಹುದಾ ಅಂತ ಕೇಳಿದ.

"ಇನ್ನೂ ಹಸಿ ಇದೆ" ಅಂದಳು ಅವಳು.

ಆ ಉತ್ತರ ತನಗೇ ಒರಟಾಗಿ ಕೇಳಿಸಿತು. ಆದರೂ ಅದನ್ನು ಮೆದು ಮಾಡುವ ಮನಸ್ಸು ಆವತ್ತು ಅವಳಿಗೆ ಬರಲಿಲ್ಲ. ಕುಂಚ ತೊಳೆಯಲು ಎದ್ದು ಹೋದಳು.