ನಾಲ್ಕು ಪರ್ಸೆಂಟ್ ಕಮ್ಮಿ

"ಗೋಡಿ ಬಿಡಲೇ ಬೋಳೀಮಗನ! ನಿಮ್ಮ ಎಣ್ಣಿ ತಲಿ ಒರಗಿಸಿ ಒರಗಿಸಿ ಹೊಸಾ ಬಣ್ಣ ಹೊಲಸು ಮಾಡೀರಿ."

ಬೈದವನು ಬಳ್ಳಾರಿಯ ಆಸ್ಪತ್ರೆಯ ಅಟೆಂಡರ್ ಎರ್ರಿಸ್ವಾಮಿ. ನಾನು ಗೋಡೆ ಬಿಟ್ಟೆ. ಬಿಟ್ಟ ಕೂಡಲೇ ಸೊಂಟದಿಂದ ಎಡಗಾಲಿನ ಹೆಬ್ಬೆರಳಿನವರೆಗೆ ಯಾರೋ ಕಾದ ತಂತಿ ಎಳೆದಂತಾಯಿತು. ನನ್ನ ಹೆಂಡತಿ ಕೌಸರ್ ತೋಳು ಹಿಡಿದುಕೊಂಡಳು.

ಅಂಗವಿಕಲರನ್ನು ಪರೀಕ್ಷಿಸುವ ಕೋಣೆಯ ಮುಂದೆ ನಾವು ಐವತ್ತು ಜನ ಇದ್ದೆವು. ಕುರ್ಚಿಗಳು ಮೂರು. ಒಂದರ ಮೇಲೆ ಫೈಲು, ಇನ್ನೊಂದರ ಮೇಲೆ ಎರ್ರಿಸ್ವಾಮಿಯ ಊಟದ ಚೀಲ, ಮೂರನೆಯದಕ್ಕೆ ಒಂದು ಕಾಲು ಇರಲಿಲ್ಲ.

"ಅದಕ್ಕೂ ಸರ್ಟಿಫಿಕೇಟ್ ಕೊಡ್ರಿ ಎರ್ರಿಸ್ವಾಮಣ್ಣ," ಎಂದಳು ನೆಲದ ಮೇಲೆ ಕೂತಿದ್ದ ಹೆಂಗಸು. ನಾಲ್ಕು ಜನ ನಕ್ಕರು.

ಆಕೆ ಕುರುಗೋಡಿನ ಜಂಬಮ್ಮ. ಮೊಣಕಾಲಿನ ಕೆಳಗೆ ಬಲಗಾಲಿಲ್ಲ. ಸರ್ಟಿಫಿಕೇಟಿನ ಅವಧಿ ಮುಗಿದಿದ್ದರಿಂದ ಮತ್ತೆ ಬಂದಿದ್ದಳು.

"ಕಾಲು ಮತ್ತ ಚಿಗತೈತೇನು ಅಂತ ನೋಡಾಕ ಕರ್ಸ್ಯಾರಪ್ಪ," ಎಂದಳು ನನ್ನ ಕಡೆ ತಿರುಗಿ. "ನಿಂದೇನು?"

"ಸೊಂಟ ಬೇ. ಹೋದ ಸಲ ಮೂವತ್ತಾರು ಪರ್ಸೆಂಟ್ ಬರದಿದ್ರು. ಪಿಂಚಣಿಗೆ ನಲವತ್ತು ಬೇಕಂತ. ಅಪೀಲಿಗೆ ಬಂದೀನಿ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇಸ್ತ್ರಿ ಅಂಗಿ ಹಾಕ್ಕೊಂಡು, ಗಡ್ಡ ಕೆರಕೊಂಡು, ಬೀಗರ ಊಟಕ್ಕ ಬಂದಂಗ ಬಂದೀದಿ. ನಿನಗ ಯಾವನು ಕೊಡ್ತಾನ? ಒಳಗ ಹೋದಕೂಡ್ಲೆ ಅಳು."

ಅಂಗಿಗೆ ಇಸ್ತ್ರಿ ಮಾಡಿದವಳು ಕೌಸರ್. ಅವಳು ತಲೆ ತಗ್ಗಿಸಿದಳು.

ಅವಳ ತಪ್ಪೇನಿರಲಿಲ್ಲ. ದೊಡ್ಡವರ ಮುಂದೆ ಹೋಗುವಾಗ ನೆಟ್ಟಗೆ ಹೋಗಬೇಕು ಎಂಬುದು ನಮ್ಮಿಬ್ಬರಿಗೂ ಗೊತ್ತಿದ್ದ ಮರ್ಯಾದೆ. ಹೋದ ಸಲ ಮೂವತ್ತಾರು ಬಿದ್ದದ್ದೂ ಆ ಮರ್ಯಾದೆಯಿಂದಲೇ.

ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ನಾನು ಹತ್ತೊಂಬತ್ತು ವರ್ಷ ಹಮಾಲಿ. ಲಾರಿಗೆ ಹಾಕಿದ್ದ ಹಲಗೆ ಮುರಿದು ಚೀಲದ ಸಮೇತ ಬಿದ್ದು ಎರಡು ವರ್ಷವಾಯಿತು. ಹೊರಗೆ ಒಂದು ಗಾಯ ಕೂಡ ಇಲ್ಲ. ಒಳಗೆ ಎರಡು ಎಲುಬು ನರವನ್ನು ಅಮುಕಿ ಕೂತಿವೆ ಎಂದು ಸ್ಕ್ಯಾನ್ ಮಾಡಿದವರು ಹೇಳಿದರು. ಅರ್ಧ ತಾಸು ಕೂರಲಾರೆ, ಅರ್ಧ ತಾಸು ನಿಲ್ಲಲಾರೆ. ಕೆಲವು ದಿನ ನೋವು ಸ್ವಲ್ಪ ಇಳಿದಾಗ ನನಗೇ ಅನುಮಾನ ಬರುತ್ತದೆ, ನಾನು ಸುಮ್ಮನೆ ಸೋಮಾರಿಯಾಗಿದ್ದೇನೇನೋ ಎಂದು. ಆಮೇಲೆ ಕೆಮ್ಮು ಬರುತ್ತದೆ. ಅನುಮಾನ ಹೋಗುತ್ತದೆ.

ಮೊದಲ ಸಲ ಡಾಕ್ಟರುಗಳ ಬೋರ್ಡಿನ ಮುಂದೆ ಕರೆದಾಗ ಬಸ್ಸಿನಲ್ಲಿ ಬಳ್ಳಾರಿಯ ತನಕ ಕೂರುವುದು ಹೇಗೆ ಎಂಬುದೇ ಚಿಂತೆಯಾಯಿತು. ಕೌಸರ್ ಬೆಳಿಗ್ಗೆಯೇ ನಮ್ಮ ಓಣಿಯ ಸೂಜಿ ಡಾಕ್ಟರನ್ನು ಎಬ್ಬಿಸಿ ಎರಡು ಇಂಜೆಕ್ಷನ್ ಮಾಡಿಸಿದಳು. ಬಸ್ಸು ತೆಕ್ಕಲಕೋಟೆ ದಾಟುವ ಹೊತ್ತಿಗೆ ಮೈ ಹಗುರಾಗಿತ್ತು. ಕೋಣೆಯೊಳಗೆ ಡಾಕ್ಟರು ತಮ್ಮ ಪೆನ್ನನ್ನು ನೆಲಕ್ಕೆ ಬೀಳಿಸಿ "ಎತ್ತಿ ಕೊಡು" ಅಂದರು. ಸಾಹೇಬರ ಪೆನ್ನು ಬಿದ್ದಿದೆಯಲ್ಲ ಎಂದು ಬಗ್ಗಿ ಎತ್ತಿ, ಅಂಗಿಗೆ ಒರೆಸಿ, ಎರಡೂ ಕೈಯಿಂದ ಕೊಟ್ಟೆ. "ಶಹಬ್ಬಾಸ್" ಅಂದರು. ನಾನು ನಕ್ಕೆ. ಅದು ಪರೀಕ್ಷೆ ಎಂದು ಗೊತ್ತಾದದ್ದು, ಬಗ್ಗಿ ಪೆನ್ನು ಎತ್ತಿದನೆಂದು ಬರೆದ ಕಾಗದ ಬಂದ ಮೇಲೆ.

ಆ ಕಾಗದ ನನಗಿಂತ ಮುಂಚೆ ಮಿಲ್ಲಿನ ಮಾಲೀಕ ಚಿದಾನಂದಪ್ಪನ ಕೈಗೆ ಸಿಕ್ಕಿತ್ತು. ನಮ್ಮ ಟಪಾಲು ಮಿಲ್ಲಿನ ವಿಳಾಸಕ್ಕೇ ಬರುತ್ತದೆ. ನಾವಿರುವ ಖೋಲಿಯೂ ಮಿಲ್ಲಿನದೇ.

"ಏನಲೇ ಶಾಬುದ್ದೀನ, ಸರ್ಕಾರನ ನೀ ಗಟ್ಟಿ ಅದಿ ಅಂತ ಬರದು ಕಳಿಸೈತಿ," ಎಂದು ಗುಮಾಸ್ತನಿಂದ ಅದನ್ನು ಹಮಾಲರೆಲ್ಲರ ಎದುರು ಓದಿಸಿದ. "ಎರಡು ವರ್ಷ ಹೆಣದಂಗ ಬಿದ್ದು ಹೆಂಡ್ತಿ ಕೈಲೆ ಭತ್ತ ಒಣಗಿಸೋ ಕಳ ಕಸ ಹೊಡಿಸಿ ತಿಂದಿ. ನಾಳಿಂದ ಚೀಲಕ್ಕ ಬಾ. ಇಲ್ಲಾ ಖೋಲಿ ಖಾಲಿ ಮಾಡು."

"ಯಪ್ಪಾ, ಬಗ್ಗಾಕ ಬರಂಗಿಲ್ಲ."

"ಡಾಕ್ಟರ್ ಮುಂದ ಬಗ್ಗತಿ, ನನ್ನ ಮುಂದ ಬಗ್ಗಾಕ ಬರಂಗಿಲ್ಲೇನು?"

ಅಪೀಲಿನ ದಿನದ ತನಕ ಪುರುಸೊತ್ತು ಕೊಡಿ ಎಂದು ಕೌಸರ್ ಅವನ ಚಪ್ಪಲಿಯ ಹತ್ತಿರ ಸೆರಗೊಡ್ಡಿದಳು. ಕೊಟ್ಟ. ಆ ದಿನ ಇವತ್ತೇ.

ಈ ಸಲ ಸೂಜಿ ಬೇಡವೆಂದು ನಾನೇ ಹೇಳಿದೆ. ನೋವು ಇದ್ದಂತೆಯೇ ಬರಲಿ, ಅವರು ಕಣ್ಣಾರೆ ನೋಡಲಿ. ಬಸ್ಸಿನಲ್ಲಿ ಇಬ್ಬರ ಸೀಟಿಗೆ ಅಡ್ಡ ಬಿದ್ದಿದ್ದೆ. ಪ್ರತಿ ಗುಂಡಿಗೂ ನನ್ನ ಬಾಯಿಂದ ಬರುತ್ತಿದ್ದ ಸದ್ದು ಕೇಳಿ ಮುಂದಿನ ಸೀಟಿನವನು "ಮುಂಜಾನೆ ಮುಂಜಾನೆನ ಕುಡದಾನ ನೋಡು ಹಡಬಿಟ್ಟಿ" ಎಂದ. ಕೌಸರ್ ಎದ್ದು ನಿಂತು "ಮೂಸಿ ನೋಡು ಬಾರೋ ನಿನ್ನೌನ್!" ಎಂದು ಕೂಗಿದಳು. ಅವಳ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು.

ಹನ್ನೆರಡು ಗಂಟೆಗೆ ನನಗೆ ಮೂತ್ರಕ್ಕೆ ಅವಸರವಾಯಿತು. ಕಾರಿಡಾರಿನ ಕೊನೆಯಲ್ಲಿ ಗಾಲಿಕುರ್ಚಿಯ ಚಿತ್ರ ಬರೆದ ಪಾಯಿಖಾನೆ ಇತ್ತು. ಬೀಗ.

"ಕೀಲಿ ಕೊಡ್ರಿ ಅಣ್ಣಾ," ಎಂದಳು ಕೌಸರ್.

"ಅದ್ರಾಗ ಹಳೇ ರಿಜಿಸ್ಟರ್ ಇಟ್ಟೈತಿ. ಉಚ್ಚಿ ಹೊಯ್ಯಾಕ ಬರಂಗಿಲ್ಲ. ಹಿಂದ ಹೋಗ್ರಿ," ಎಂದ ಎರ್ರಿಸ್ವಾಮಿ.

ಹಿಂದಿನದಕ್ಕೆ ಐದು ಮೆಟ್ಟಿಲು. ಮೂರನೆಯ ಮೆಟ್ಟಿಲಿನಲ್ಲಿ ಕಾಲು ಬರಲಿಲ್ಲ. ಒಳಗಿನಿಂದ ನಾತ ಬರುತ್ತಿತ್ತು. ಬಾಗಿಲ ತುಂಬ ನೀರೋ ಮತ್ತೊಂದೋ ನಿಂತಿತ್ತು, ಅದರಲ್ಲಿ ಯಾರದೋ ಬ್ಯಾಂಡೇಜು ತೇಲುತ್ತಿತ್ತು. ಆಗಲೇ ಒಳಗಿನಿಂದ ನನ್ನ ಹೆಸರು ಕೂಗಿದರು. ತಪ್ಪಿದರೆ ಮುಂದಿನ ತಿಂಗಳು. ಬಿಗಿ ಹಿಡಿದು ತಿರುಗಿದೆ.

ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ದೊಡ್ಡ ಡಾಕ್ಟರು ಮೊಬೈಲು ನೋಡುತ್ತಿದ್ದರು. ಪಕ್ಕದಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬರೆಯಲು ಕೂತಿದ್ದಳು. ಪರೀಕ್ಷೆಗೆ ಒಂದೇ ಟೇಬಲ್ಲು, ಕಬ್ಬಿಣದ್ದು, ಮೇಲೆ ಹರಿದ ರೆಕ್ಸಿನ್.

"ಮೇಲೆ ಹತ್ತು," ಎಂದರು ಡಾಕ್ಟರು.

ಕೌಸರ್ ಮತ್ತು ಎರ್ರಿಸ್ವಾಮಿ ಎತ್ತಿ ಮಲಗಿಸಿದರು. ಡಾಕ್ಟರು ನನ್ನ ಎಡಗಾಲನ್ನು ನೆಟ್ಟಗೆ ಮೇಲಕ್ಕೆತ್ತಿದರು. ಒಂದು ಗೇಣು ಏಳುವಷ್ಟರಲ್ಲಿ ನಾನು ಕಿರುಚಿದೆ.

"ಹೋದ ಸಲ ಪೂರಾ ಎತ್ತಿದ್ಯಲ್ಲೋ? ಪೆನ್ನು ಹೆಕ್ಕಿದಾನೆ ಅಂತ ಇಲ್ಲಿ ಬರೆದಿದೆ. ಆರು ತಿಂಗಳಲ್ಲಿ ಚೆನ್ನಾಗಿ ನಾಟಕ ಕಲ್ತಿದೀಯ."

"ಹೋದ ಸಲ ಸೂಜಿ ಮಾಡಿಸ್ಕೊಂಡು ಬಂದಿದ್ದೆ ಸಾಹೇಬ್ರ. ಬಸ್ಸಿನ್ಯಾಗ ಕುಂದ್ರಾಕ ಆಗಂಗಿಲ್ಲ ಅಂತ."

"ಚೀಟಿ ಎಲ್ಲಿ?"

"ಓಣಿ ಡಾಕ್ಟರು. ಚೀಟಿ ಕೊಡಂಗಿಲ್ರಿ."

ಸುಳ್ಳು ಹೇಳಬಾರದೆಂದು ನಿಜ ಹೇಳಿದ್ದೆ. ಡಾಕ್ಟರು ಡಾಕ್ಟರಮ್ಮನ ಕಡೆ ತಿರುಗಿ ನಕ್ಕರು. "ಬರ್ಕೊಳ್ಳಮ್ಮ. ಇಂಜೆಕ್ಷನ್ ತಗೊಂಡ್ರೆ ಓಡಾಡ್ತಾನೆ, ಬಗ್ಗತಾನೆ. ಔಷಧಿಗೆ ಬಗ್ಗೋ ಕಾಯಿಲೆ. ಮೊದಲಿನದ್ದೇ ಇರ್ಲಿ, ಮೂವತ್ತಾರು." ನನಗೆ ಹೇಳಿದರು, "ದಿನಾ ಒಂದು ಮಾಡಿಸ್ಕೊ, ಕೆಲ್ಸಕ್ಕೆ ಹೋಗು. ಹೂಂ, ಏಳು. ನೆಕ್ಸ್ಟ್!"

"ಸಾಹೇಬ್ರ, ಸ್ಕ್ಯಾನ್ ಐತ್ರಿ," ಎಂದು ಕೌಸರ್ ಪ್ಲಾಸ್ಟಿಕ್ ಚೀಲದಿಂದ ಅದನ್ನು ತೆಗೆದಳು. ಅವರು ಕೈ ಚಾಚಲಿಲ್ಲ. ಡಾಕ್ಟರಮ್ಮ ನೋಡಲು ಕತ್ತು ಎತ್ತಿದಳು. ಡಾಕ್ಟರು ಅವಳನ್ನು ನೋಡಿದರು. ಅವಳು ಮತ್ತೆ ಬರೆಯತೊಡಗಿದಳು.

ದಿನವೂ ನನ್ನನ್ನು ಹಾಸಿಗೆಯಿಂದ ಎಬ್ಬಿಸುವವಳು ಕೌಸರ್. ಮೊದಲು ಬಲ ಮಗ್ಗುಲಿಗೆ ಹೊರಳಿಸಬೇಕು, ಆಮೇಲೆ ಅವಳ ಕತ್ತಿಗೆ ನಾನು ಜೋತುಬೀಳಬೇಕು. ಅಭ್ಯಾಸದಂತೆ ಅವಳು ಬಂದು ಕತ್ತು ಬಗ್ಗಿಸಿದಳು.

"ಮುಟ್ಟಬ್ಯಾಡ," ಎಂದೆ.

"ಏನ್ರೀ?"

"ನೀ ಎಬ್ಬಿಸಿದ್ರ ನಾನ ಎದ್ದೆ ಅಂತ ಬರೀತಾರ. ದೂರ ನಿಂದ್ರು."

ಅವಳು ನನ್ನ ಮುಖ ನೋಡಿದಳು. ಏನು ಕಂಡಿತೋ, ಎರಡು ಹೆಜ್ಜೆ ಹಿಂದೆ ಸರಿದು ಸ್ಕ್ಯಾನ್ ಚೀಲವನ್ನು ಎದೆಗೆ ಅವುಚಿಕೊಂಡಳು.

"ಎರ್ರಿಸ್ವಾಮಿ, ಇಳಿಸು ಇವನ್ನ," ಎಂದರು ಡಾಕ್ಟರು.

ಎರ್ರಿಸ್ವಾಮಿ ಎರಡೂ ತೋಳು ಹಿಡಿದು ಜಗ್ಗಿದ. ಕಣ್ಣು ಕತ್ತಲಾಯಿತು. ಅಷ್ಟು ಹೊತ್ತು ಬಿಗಿ ಹಿಡಿದದ್ದು ಬಿಟ್ಟುಹೋಯಿತು. ಬಿಸಿ ತೊಡೆಗೆ ಹರಿಯಿತು, ಪ್ಯಾಂಟು ನೆನೆಯಿತು, ರೆಕ್ಸಿನ್ನಿನ ಅಂಚಿನಿಂದ ನೆಲಕ್ಕಿಳಿಯಿತು. ಎರ್ರಿಸ್ವಾಮಿ "ಥೂ ಥೂ ಥೂ" ಎಂದು ಕೈ ಬಿಟ್ಟು ಹಾರಿದ. ಡಾಕ್ಟರು ಕುರ್ಚಿ ಸಮೇತ ಹಿಂದೆ ಸರಿದು ಮೂಗಿಗೆ ಕರವಸ್ತ್ರ ಹಿಡಿದರು. ನನ್ನ ಮೈಯ ನಾತ ನನಗೂ ಬರುತ್ತಿತ್ತು. ನಾಚಿಕೆಯಾಗಬೇಕಿತ್ತು. ಆಗಲಿಲ್ಲ.

"ಹೇಸಿಗೆ! ಏಳೋ! ಹೊರಗೆ ಐವತ್ತು ಜನ ಕಾಯ್ತಿದಾರೆ, ಇರೋದು ಒಂದೇ ಟೇಬಲ್ಲು!"

"ಮೊದ್ಲು ಬರೀರಿ ಸಾಹೇಬ್ರ," ಎಂದೆ. ಮಲಗಿಯೇ ಎರಡೂ ಕೈಯಿಂದ ಟೇಬಲ್ಲಿನ ಕಬ್ಬಿಣದ ಅಂಚು ಹಿಡಿದುಕೊಂಡೆ. "ಮಲಗಿಸಿದೋರು ಇಬ್ರು ಅಂತ ಬರೀರಿ. ಎಬ್ಬಿಸಾಕ ಎಷ್ಟು ಮಂದಿ ಬೇಕಾತು ಅಂತ ಬರೀರಿ. ಉಚ್ಚಿ ಹೊಯ್ಕೊಂಡ, ಯಾಕಂದ್ರ ಪಾಯಿಖಾನಿಗೆ ನೀವು ಬೀಗ ಹಾಕೀರಿ ಅಂತ ಬರೀರಿ. ಆಮ್ಯಾಲ ಪರ್ಸೆಂಟ್ ಹಾಕ್ರಿ. ಅಲ್ಲೀತನಕ ನಾ ಏಳಂಗಿಲ್ಲ."

"ಪೊಲೀಸರನ್ನ ಕರೀಬೇಕಾ?"

"ಕರೀರಿ. ಅವ್ರೂ ನಾಲ್ಕು ಮಂದಿ ಬರ್ಲಿ. ಅವ್ರ ಹೆಸ್ರೂ ಬರೀರಿ."

ಬಾಗಿಲಲ್ಲಿ ತಲೆಗಳು ತುಂಬಿದವು. ಜಂಬಮ್ಮ ಕೋಲು ಊರಿಕೊಂಡು ಒಳಗೇ ಬಂದಿದ್ದಳು.

"ನೆಕ್ಸ್ಟ್ ನಂದೈತ್ರಿ," ಎಂದಳು. "ಅವಸರಿಲ್ಲ. ಅವಂದು ಮುಗಸ್ರಿ." ಎಂದವಳೇ ಕೋಲು ಬದಿಗಿಟ್ಟು, ಹರಿದು ಬರುತ್ತಿದ್ದ ಮೂತ್ರ ತಾಗದಂತೆ ಸೀರೆಯನ್ನು ಒಂದು ಮೊಳ ಎತ್ತಿಕೊಂಡು, ಹೊಸ್ತಿಲಿಗೆ ಅಡ್ಡವಾಗಿ ಕೂತುಬಿಟ್ಟಳು.

ಡಾಕ್ಟರಮ್ಮ ಪೆನ್ನು ಹಿಡಿದು ದೊಡ್ಡ ಡಾಕ್ಟರನ್ನು ನೋಡುತ್ತಿದ್ದಳು. ಅವರು ಮೊಬೈಲಿನಲ್ಲಿ ಯಾರನ್ನೋ ಬೈಯುತ್ತಿದ್ದರು. ಎರ್ರಿಸ್ವಾಮಿ ಇನ್ನೂ ಮೂವರನ್ನು ಕರೆತರಲು ಜಂಬಮ್ಮನನ್ನು ದಾಟಿ ಓಡಿದ. ಬೆನ್ನಿನೊಳಗೆ ತಂತಿ ಕಾಯುತ್ತಲೇ ಇತ್ತು. ಏಳಲಾರದೆ ಮಲಗಿದ್ದೆನೋ, ಏಳುವುದಿಲ್ಲವೆಂದು ಮಲಗಿದ್ದೆನೋ, ನನಗೇ ತಿಳಿಯಲಿಲ್ಲ. ಕಾರಿಡಾರಿನಲ್ಲಿ ಹಲವು ಬೂಟುಗಳ ಸದ್ದು ಹತ್ತಿರವಾಯಿತು. ನಾನು ಕೈಗಳನ್ನು ಇನ್ನಷ್ಟು ಬಿಗಿಮಾಡಿದೆ.